ಮೊದಲ ಟೆಂಡರು

ಫಕ್ಕೀರಪ್ಪನಿಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿ, ಮತ್ತು ಆ ಅಂಗಡಿಗಿಂತ ದೊಡ್ಡದಾದ ಒಂದು ಹೆಮ್ಮೆ ಇತ್ತು. ತನ್ನ ಅಂಗಡಿಗೆ ಬಂದ ರೈತನ ಮಾಲನ್ನು ಅವನು ಮೊದಲ ದಿನದ ದರಕ್ಕೆ ಬಿಟ್ಟುಕೊಟ್ಟದ್ದೇ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಪೇಟೆಯಲ್ಲಿ ಕ್ರಮವೇ ಹಾಗೆ. ಖರೀದಿದಾರರು ಟೆಂಡರು ಹಾಕುತ್ತಾರೆ, ಮಧ್ಯಾಹ್ನ ದರ ತಿಳಿಯುತ್ತದೆ. ಒಪ್ಪಿದರೆ ರೈತ ಕೊಡುತ್ತಾನೆ, ಒಪ್ಪದಿದ್ದರೆ ಚೀಲಗಳು ಅಂಗಡಿಯಲ್ಲೇ ಉಳಿದು ಮುಂದಿನ ಪೇಟೆಯ ದಿನ ಮತ್ತೆ ಟೆಂಡರಿಗೆ ಹೋಗುತ್ತವೆ. ಸೋಮವಾರ ಮೂಗು ಮುರಿದು ಹೋದ ಖರೀದಿದಾರ ಗುರುವಾರ ಹಲ್ಲು ಗಿಂಜುತ್ತ ಬರುತ್ತಾನೆ ಎಂದು ಫಕ್ಕೀರಪ್ಪ ನಂಬಿದ್ದ. ಬಹಳ ಸಲ ಹಾಗೇ ಆಗಿತ್ತು ಕೂಡ. ಆಗದೇ ಇದ್ದಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತೋ ಏನೋ.

ಅವನ ಮಗಳು ಶೈಲಶ್ರೀ ಧಾರವಾಡದಲ್ಲಿ ಓದಿ, ಹುಬ್ಬಳ್ಳಿಯ ಸ್ಟುಡಿಯೊ ಒಂದರಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಿದ್ದಳು. ಊರವರ ಮದುವೆಗಳನ್ನೆಲ್ಲ ತೆಗೆದಳು, ತನ್ನದಕ್ಕೆ ಮಾತ್ರ ಸಮಯವಿಲ್ಲ ಎಂದು ತಾಯಿ ಮುತ್ತವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಒಂದು ವರ್ಷ ಕಾಯಿಯ ಹಂಗಾಮು ಶುರುವಾಗುವ ಮುಂಚೆ ಅವಳು ಮನೆಗೆ ಬಂದು, ಎಲ್ಲರೂ ಊಟಕ್ಕೆ ಕುಳಿತಾಗ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮೇಲೆ ಸಿನಿಮಾ ಮಾಡುತ್ತೇನೆ ಎಂದಳು.

"ತೊಟ್ಟು ಬಿಡಸೂದು ಏನ್ ಸಿನಿಮಾ?" ಎಂದ ಅಣ್ಣ ರುದ್ರಮುನಿ. "ದಿನಾ ನೋಡ್ತೀವಿ. ಟಿಕೀಟ್ ತಗದು ಯಾರ ನೋಡ್ತಾರ ಅದನ್ನ?"

"ದಿನಾ ನೋಡ್ತಿ. ಅವರೊಳಗ ಒಬ್ಬಾಕಿ ಹೆಸರರೆ ಗೊತ್ತೈತೇನು ನಿನಗ?"

ರುದ್ರಮುನಿ ರೊಟ್ಟಿ ಮುರಿದ. ಅವನಿಗೆ ಗೊತ್ತಿರಲಿಲ್ಲ. ಅವನು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ನೌಕರ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಬೇರೆಯವರ ಬೀಜ ಮಾರಿ, ಸಂಜೆ ಬಸ್ಸು ಹಿಡಿದು ಬರುತ್ತಿದ್ದ. ಅಲ್ಲೇ ಒಂದು ಸ್ವಂತ ಬೀಜದ ಅಂಗಡಿ ಇಡಬೇಕೆಂಬುದು ಅವನ ಆಸೆ. ಅದಕ್ಕಾಗಿಯೇ ಮನೆಯ ಹೊಲದ ಎರಡು ವರ್ಷದ ಕಾಯಿ, ತೆಳ್ಳನೆಯ ಕಡ್ಡಿ ಜಾತಿಯದು, ಕೋಲ್ಡ್ ಸ್ಟೋರೇಜಿನಲ್ಲಿ ಕುಳಿತಿತ್ತು.

"ರೊಕ್ಕ ಎಲ್ಲಿಂದ ತರ್ತಿ?" ಎಂದು ಕೇಳಿದವನು ಫಕ್ಕೀರಪ್ಪ.

ಶೈಲಶ್ರೀ ತಟ್ಟೆ ನೋಡಿದಳು. ಎಲ್ಲರಿಗೂ ತಿಳಿಯಿತು.

"ಆ ಚೀಲ ನಂದು!" ಎಂದ ರುದ್ರಮುನಿ.

"ನಿಂದಂತ ಯಾವ ಚೀಲದ ಮ್ಯಾಲೆ ಬರದೈತಿ?" ಎಂದಳು ಮುತ್ತವ್ವ. "ನಾನೂ ಬಗ್ಗಿ ಆ ಕಾಯಿ ಹರದೇನಿ. ಆಕಿಗೂ ಪಾಲು ಐತಿ."

ಮಾತಿಗೆ ಮಾತು ಬೆಳೆದು ಸಾರು ಆರಿತು. ರುದ್ರಮುನಿಯ ಹೆಂಡತಿ ದ್ರಾಕ್ಷಾಯಿಣಿ ಎರಡು ಸಲ ಬಿಸಿ ಮಾಡಿ ತಂದಳು, ಎರಡು ಸಲವೂ ಯಾರೂ ಬಡಿಸಿಕೊಳ್ಳಲಿಲ್ಲ. ಕೊನೆಗೆ ರುದ್ರಮುನಿಯೇ ಸೋತ, ಆದರೆ ಬರಿಗೈಯಲ್ಲಿ ಸೋಲಲಿಲ್ಲ.

"ಕೊಡ್ರಿ ಹಂಗಾರ. ಆದ್ರ ಒಂದ ಮಾತು. ಈ ಸಂಕ್ರಮಣ ಬಿಟ್ಟು ಮುಂದಿನ ಸಂಕ್ರಮಣದೊಳಗ ಆ ಸಿನಿಮಾ ಮಾರಾಟ ಆಗಿ ನನ್ನ ರೊಕ್ಕ ಬರಬೇಕು. ಬರಲಿಲ್ಲಾ, ಆಕಿ ಕ್ಯಾಮೆರಾ ಗೀಮೆರಾ ಎಲ್ಲಾ ಬಿಟ್ಟು ಅಪ್ಪನ ಅಂಗಡ್ಯಾಗ ಕುಂದ್ರಬೇಕು. ದುಡದು ತೀರಸಬೇಕು."

"ಆತು," ಎಂದಳು ಶೈಲಶ್ರೀ. ಎಷ್ಟು ಬೇಗ ಎಂದಳೆಂದರೆ ತಾಯಿಗೆ ತಡೆಯಲೂ ಆಗಲಿಲ್ಲ.

ತನ್ನ ನಂತರ ಅಂಗಡಿಯಲ್ಲಿ ಕೂರುವವರಿಲ್ಲ ಎಂಬುದು ಫಕ್ಕೀರಪ್ಪನ ಹಳೆಯ ಕೊರಗು. ಮಗ ಬೀಜದ ಕಡೆ ಹೋದ, ಮಗಳು ಕ್ಯಾಮೆರಾದ ಕಡೆ ಹೋದಳು, ಮೆಣಸಿನಕಾಯಿ ಘಾಟು ಯಾರಿಗೂ ಬೇಡವಾಯಿತು ಎಂದು ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಈ ಕರಾರು ಕೇಳಿ ಅವನ ಮನಸ್ಸಿನಲ್ಲಿ ಏನು ಬಂತೋ, ಬಾಯಿಂದ ಬಂದದ್ದು ಮಾತ್ರ ಇಷ್ಟೆ: "ಮಾರಾಟದ ಚಿಂತಿ ಬಿಡ್ರಿ. ಮಾರಾಟ ಮಾಡೂದು ನನ್ನ ಕಸಬು."

ಆ ಹಂಗಾಮಿನಲ್ಲಿ ಶೂಟಿಂಗ್ ನಡೆಯಿತು. ಧಾರವಾಡದ ಗೆಳೆಯರು ಏಳೆಂಟು ಜನ ಬಂದು ಮನೆಯ ಪಡಸಾಲೆಯಲ್ಲೇ ಮಲಗಿದರು. ನಟಿಯೆಂದರೆ ಮೆಹಬೂಬಿ, ಇಪ್ಪತ್ತು ವರ್ಷಗಳಿಂದ ತೊಟ್ಟು ಬಿಡಿಸುತ್ತಿದ್ದ ಹೆಂಗಸು. ಕ್ಯಾಮೆರಾ ಮುಂದೆ ಕುಳಿತಾಗ ಮೊದಲ ದಿನ ನಕ್ಕು ನಕ್ಕು ಕೆಲಸ ಕೆಡಿಸಿದಳು, ಎರಡನೇ ದಿನದಿಂದ ಕ್ಯಾಮೆರಾ ಇದೆಯೆಂಬುದನ್ನೇ ಮರೆತಳು. ಅಡುಗೆಯ ಭಾರವೆಲ್ಲ ದ್ರಾಕ್ಷಾಯಿಣಿಯ ಮೇಲೆ ಬಿತ್ತು. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತ, "ಸಿನಿಮಾದಾಗ ನನ್ನ ಹೆಸರು ಹಾಕ್ರಿ, ರೊಟ್ಟಿ ಇಲಾಖೆ ಅಂತ," ಎನ್ನುತ್ತಿದ್ದಳು. ಶೈಲಶ್ರೀ ಖರೇನೇ ಹಾಕಿದಳು. ಸಿನಿಮಾಕ್ಕೆ 'ತೊಟ್ಟು' ಎಂದು ಹೆಸರಿಟ್ಟರು.

ದೀಪಾವಳಿಗೆ ಮುಂಚೆ ಎಡಿಟಿಂಗ್ ಮುಗಿಯಿತು. ಫಕ್ಕೀರಪ್ಪ ಧಾರವಾಡಕ್ಕೆ ಹೋಗಿ, ಒಂದು ಸಣ್ಣ ಕೋಣೆಯಲ್ಲಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಪೂರ್ತಿ ನೋಡಿದ. ಮೆಹಬೂಬಿ ಕೆಲಸದಿಂದ ಬಂದು ಉರಿಯುವ ಕೈಗಳನ್ನು ಮಜ್ಜಿಗೆಯ ಬೋಗುಣಿಯಲ್ಲಿ ಅದ್ದಿ, ಕೂಸು ಅತ್ತರೂ ಎತ್ತಿಕೊಳ್ಳಲಾರದೆ ಕೂರುವ ಒಂದು ದೃಶ್ಯವಿತ್ತು. ನಲವತ್ತು ವರ್ಷ ಅದೇ ಪೇಟೆಯಲ್ಲಿದ್ದವನಿಗೆ ಆ ಮಜ್ಜಿಗೆಯ ಸಂಗತಿ ತಿಳಿದಿರಲಿಲ್ಲ. ಊರಿಗೆ ಬಂದು ಚಪ್ಪಲಿ ಬಿಡುತ್ತಲೇ ಹೆಂಡತಿಗೆ ಹೇಳಿದ.

"ಮಾಲು ಒಂದನಂಬರ್ ಐತಿ."

"ಮಗಳು ಚಲೋ ಸಿನಿಮಾ ಮಾಡ್ಯಾಳ ಅನ್ರಿ. ಮಾಲಂತ, ಮಾಲು!" ಎಂದಳು ಮುತ್ತವ್ವ. ಆದರೆ ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ಅವಳಿಗೂ ಗೊತ್ತಿತ್ತು.

ಶೈಲಶ್ರೀ ತನ್ನ ಯೋಜನೆಯನ್ನು ಮನೆಯವರ ಮುಂದಿಟ್ಟಳು. ಮೊದಲು ಮೊಬೈಲಿನಲ್ಲಿ ಸಿನಿಮಾ ತೋರಿಸುವ ಆ್ಯಪ್‌ನವರಿಗೆ ಹಕ್ಕು ಕೊಡುವುದು. ಅಣ್ಣನ ರೊಕ್ಕ ಅದರಿಂದ ತೀರುತ್ತದೆ. ಆಮೇಲೆ ರಾಣೆಬೆನ್ನೂರು, ಹಾವೇರಿ ಕಡೆ ಒಂದೊಂದು ವಾರ ಚಿತ್ರಮಂದಿರ ಹಿಡಿಯುವುದು, ಹೊಸರಿತ್ತಿಯಂಥ ಹಳ್ಳಿಗಳ ಶಾಲೆಗಳಲ್ಲಿ ಪರದೆ ಕಟ್ಟಿ ತೋರಿಸುವುದು.

"ಮೊದಲ ಚಿತ್ರಮಂದಿರ ಹಿಡದ್ರ ಏನಾಕ್ಕೈತಿ?" ಎಂದು ಕೇಳಿದಳು ದ್ರಾಕ್ಷಾಯಿಣಿ.

"ಅವರು ಬಾಡಿಗಿ ಮೊದಲ ಕೇಳ್ತಾರ ವೈನಿ. ಜನ ಬರಲಿ ಬಿಡಲಿ, ಬಾಡಿಗಿ ಬಾಡಿಗೀನ. ಆ್ಯಪ್‌ನವರು ತಗೊಂಡ್ರು ಅಂದ್ರ ಪೇಪರಿನ್ಯಾಗ ಬರತೈತಿ, ಜನಕ್ಕೂ ನಂಬಿಗಿ ಬರತೈತಿ. ಅದೊಂದು ಆಗಬೇಕು. ಅದಾತಂದ್ರ ಮುಂದಿನದೂ ಮಾಡಬಹುದು."

"ಮುಂದಿನದು?" ಎಂದು ರುದ್ರಮುನಿ ಬಾಯಲ್ಲಿದ್ದ ತುತ್ತು ನಿಲ್ಲಿಸಿದ. "ಇನ್ನೂ ಒಂದೈತೇನು?"

ಶೈಲಶ್ರೀ ನಕ್ಕಳು. ಇನ್ನೂ ಒಂದಿತ್ತು. ಅವಳ ತಲೆಯಲ್ಲಿ ಆಗಲೇ ಅರ್ಧ ತಯಾರಾಗಿತ್ತು.

ಆ್ಯಪ್‌ನ ಕಡೆಯಿಂದ ಯುವರಾಜ ಎಂಬ ತರುಣ ಬಂದದ್ದು ಕಾರ್ತಿಕದ ಒಂದು ಸೋಮವಾರ. ಬೆಂಗಳೂರಿನವನು, ಈ ಭಾಗದ ಸಣ್ಣ ಸಿನಿಮಾಗಳನ್ನು ನೋಡಿ ಆರಿಸಲು ಓಡಾಡುತ್ತಿದ್ದ. ಹಿಂದಿನ ದಿನವೇ ಶೈಲಶ್ರೀ ಅಪ್ಪನ ಹತ್ತಿರ ಬಂದು ಕುಳಿತಿದ್ದಳು.

"ಅಪ್ಪಾ, ರೇಟು ನೀನ ಮಾತಾಡು. ನಂಗ ಅದು ಬರಂಗಿಲ್ಲ. ನಾ ಮಾತಾಡಿದ್ರ ನಾಚಿಕಿ ಬಂದು ಅವ ಹೇಳಿದ್ದಕ್ಕ ಹೂಂ ಅಂದುಬಿಡ್ತೇನಿ."

ಮಗಳು ಹತ್ತನೇ ಇಯತ್ತೆ ದಾಟಿದ ಮೇಲೆ ಅಪ್ಪನ ಹತ್ತಿರ ಹೀಗೆ ಏನನ್ನೂ ಕೇಳಿದವಳಲ್ಲ. ಫಕ್ಕೀರಪ್ಪ ಇಸ್ತ್ರಿ ಮಾಡಿದ ಧೋತರ ತೆಗೆಸಿದ. ಮುಂಜಾನೆ ಅಂಗಡಿಗೂ ಹೋಗಲಿಲ್ಲ. ಸೋಮವಾರದ ಪೇಟೆ ತಪ್ಪಿಸಿದ್ದು ಅವನ ಮದುವೆಯ ನಂತರ ಅದೇ ಮೊದಲು ಎಂದು ಮುತ್ತವ್ವ ಆಮೇಲೆ ಎಷ್ಟೋ ಸಲ ಹೇಳಿದಳು.

ದ್ರಾಕ್ಷಾಯಿಣಿ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಶಾವಿಗೆ ಪಾಯಸ ಮಾಡಿದ್ದಳು. ಯುವರಾಜ ಮೊದಲ ತುತ್ತಿಗೇ ಬೆವರಿದ. ಆದರೂ ಚೆನ್ನಾಗಿ ಉಂಡ, ಸಿನಿಮಾ ಬಗ್ಗೆ ಚೆನ್ನಾಗಿ ಮಾತಾಡಿದ. ಮಜ್ಜಿಗೆಯ ದೃಶ್ಯ ನೋಡಿ ತನ್ನ ಅಮ್ಮನಿಗೆ ಫೋನ್ ಮಾಡಿದೆ ಎಂದ. ಕೈ ತೊಳೆದುಕೊಂಡು ಬಂದು, ಮೊಬೈಲಿನಲ್ಲಿ ಒಂದು ಅಂಕಿ ಬರೆದು ಫಕ್ಕೀರಪ್ಪನ ಮುಂದೆ ಹಿಡಿದ. ಹಾಕಿದ ರೊಕ್ಕಕ್ಕಿಂತ ಒಂದಿಷ್ಟು ಹೆಚ್ಚೇ ಇತ್ತು.

ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ಶೈಲಶ್ರೀಗೂ ಅಂಕಿ ಕಂಡಿತು. ಅವಳ ಮುಖ ಅರಳಿತು. ಫಕ್ಕೀರಪ್ಪ ಮಾತ್ರ ಆ ಅಂಕಿ ನೋಡಿಯೂ ನೋಡದವನಂತೆ ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸಿದ. ನಲವತ್ತು ವರ್ಷದ ಅಭ್ಯಾಸ.

"ಅಡಿಕಿ ಹಾಕ್ಕೋರಿ," ಎಂದ. "ನಿಮ್ಮದು ಚಲೋ ರೇಟ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ನಾವು ಮೊದಲನೇ ಟೆಂಡರಿಗೆ ಮಾಲು ಬಿಡಂಗಿಲ್ರಿ."

ಯುವರಾಜನಿಗೆ ಅರ್ಥವಾಗಲಿಲ್ಲ. "ಸರ್, ನಮ್ಮಲ್ಲಿ ಟೆಂಡರ್ ಎಲ್ಲ ಇರಲ್ಲ. ಇದೇ ನಮ್ಮ ಕೈಲಾಗೋದು. ನೋಡಿ, ಈ ವರ್ಷ ನಮಗೆ ಈ ಕಡೆಯಿಂದ ಒಂದೇ ಸಿನಿಮಾ ತಗೋಳೋಕೆ ಆಗೋದು. ದಾವಣಗೆರೆಯವರದ್ದು ಇನ್ನೊಂದಿದೆ. ನನಗೆ ನಿಮ್ಮದೇ ಇಷ್ಟ. ಆದ್ರೆ ಇವತ್ತೇ ಹೇಳಿಬಿಡಬೇಕು."

ಫಕ್ಕೀರಪ್ಪ ಒಳಗೊಳಗೇ ನಕ್ಕ. ಇವತ್ತೇ ಹೇಳಬೇಕು, ಇನ್ನೊಂದು ಅಂಗಡಿಯಲ್ಲಿ ಇನ್ನೂ ಒಳ್ಳೆಯ ಮಾಲಿದೆ. ಖರೀದಿದಾರರ ಬಾಯಲ್ಲಿ ಈ ಮಾತನ್ನು ಅವನು ಕೇಳದ ವಾರವಿರಲಿಲ್ಲ.

"ಮೇಡಂ?" ಎಂದು ಯುವರಾಜ ಶೈಲಶ್ರೀಯ ಕಡೆ ತಿರುಗಿದ.

ಶೈಲಶ್ರೀ ಅಪ್ಪನನ್ನು ನೋಡಿದಳು. ಫಕ್ಕೀರಪ್ಪ ತೊಡೆಯ ಮೇಲಿದ್ದ ಅಂಗೈಯನ್ನು ಸ್ವಲ್ಪವೇ ಎತ್ತಿ, ತಡಿ ಎಂಬಂತೆ ಇಳಿಸಿದ. ಅವಳು ಬಾಯಿ ತೆರೆದವಳು ಮುಚ್ಚಿದಳು. "ಅಪ್ಪ ಹೇಳಿದಂಗ್ರಿ," ಎಂದಳು.

ಯುವರಾಜ ಎರಡೂ ಕೈ ಮುಗಿದು, ಊಟ ಬಹಳ ಚೆನ್ನಾಗಿತ್ತು ಎಂದು ದ್ರಾಕ್ಷಾಯಿಣಿಗೂ ಹೇಳಿ, ರಸ್ತೆಯ ತಿರುವಿನ ತನಕ ನಡೆದು ಆಟೊ ಹತ್ತಿದ.

"ಹೋದ್ನಲ್ರಿ!" ಎಂದಳು ಮುತ್ತವ್ವ.

"ಗುರುವಾರ ಬರ್ತಾನ," ಎಂದ ಫಕ್ಕೀರಪ್ಪ. "ಕಣ್ಣು ನೋಡಿದ್ಯೋ ಇಲ್ಲೋ? ಮಾಲಿನ ಮ್ಯಾಲೆ ಮನಸ ಕುಂತೈತಿ ಅವಂದು. ನೋಡ್ತಿರು, ಇದರ ಸವಾಪಟ್ಟು ಹಿಡಕೊಂಡು ಬರ್ತಾನ."

ಆ ರಾತ್ರಿ ಊಟದಲ್ಲಿ ಅವನು ಎರಡು ಸಲ ಪಾಯಸ ಹಾಕಿಸಿಕೊಂಡ. ಪೇಟೆಯ ಹಳೆಯ ಗೆಲುವುಗಳನ್ನೆಲ್ಲ ಹೇಳಿ ಎಲ್ಲರನ್ನೂ ನಗಿಸಿದ. ಶೈಲಶ್ರೀಯೂ ನಕ್ಕಳು. ರುದ್ರಮುನಿ ಕೂಡ, ಬೀಜದ ಅಂಗಡಿಗೆ ಬೋರ್ಡು ಹೇಗಿರಬೇಕೆಂದು ಹೆಂಡತಿಯನ್ನು ಕೇಳಿದ. ಆ ಮನೆಯಲ್ಲಿ ಅಷ್ಟು ಖುಷಿಯ ಊಟ ಆಮೇಲೆ ಆಗಲಿಲ್ಲ.

ಗುರುವಾರ ಯುವರಾಜ ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ.

"ಫೋನ್ ಮಾಡ್ಲೇನಪ್ಪಾ?" ಎಂದಳು ಶೈಲಶ್ರೀ.

"ಹುಚ್ಚವ್ವಾ, ನಾವಾಗಿ ಫೋನ್ ಮಾಡಿದ್ರ ರೇಟ ಬೀಳ್ತೈತಿ. ಗರಜು ಅವಂದು."

"ಮಾವಾರ, ಅವರು ಮೆಣಸಿನಕಾಯಿ ತಗೊಳ್ಳಾಕ ಬಂದಿದ್ದಿಲ್ಲಲ್ರಿ," ಎಂದಳು ದ್ರಾಕ್ಷಾಯಿಣಿ ಅಡುಗೆಮನೆಯಿಂದ. ತಮಾಷೆಗೆ ಅಂದದ್ದು, ಆದರೆ ಯಾರೂ ನಗಲಿಲ್ಲ.

ಇನ್ನೊಂದು ವಾರ ಹೋಯಿತು. ಶೈಲಶ್ರೀ ಮೊಬೈಲನ್ನು ಒಲೆಯ ಹತ್ತಿರ, ಬಚ್ಚಲ ಕಟ್ಟೆಯ ಮೇಲೆ, ತುಳಸಿ ಕಟ್ಟೆಯ ಮೇಲೆ, ಹೋದಲ್ಲೆಲ್ಲ ಒಯ್ದಿಡತೊಡಗಿದಳು. ಒಂದು ರವಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಯಾರನ್ನೂ ಕೇಳದೆ ಎಲ್ಲರ ಎದುರಿಗೇ ಫೋನ್ ಹಚ್ಚಿದಳು. ಫಕ್ಕೀರಪ್ಪ ಕೈ ಅಡ್ಡ ಮಾಡಿದ. ಅವಳು ನೋಡಲಿಲ್ಲ.

ಯುವರಾಜನ ದನಿ ಎಲ್ಲರಿಗೂ ಕೇಳಿತು. "ಅಯ್ಯೋ ಮೇಡಂ... ನಿಮ್ಮ ತಂದೆಯವರು ಕೊಡಲ್ಲ ಅಂದ್ರಲ್ಲ, ನಾನು ಮಾರನೇ ದಿನವೇ ದಾವಣಗೆರೆಯವರದ್ದು ಸಹಿ ಮಾಡಿಸಿದೆ. ನಿಮ್ಮದು ಹೋಗಿದ್ದು ನನಗೂ ಬೇಜಾರಾಯ್ತು. ಮುಂದಿನ ವರ್ಷ ದುಡ್ಡು ಬಂದ್ರೆ ನಾನೇ ಫೋನ್ ಮಾಡ್ತೀನಿ."

ಶೈಲಶ್ರೀ "ಇರ್ಲಿ ಸರ್, ಥ್ಯಾಂಕ್ಸ್" ಎಂದು ಫೋನ್ ಇಟ್ಟಳು. ತನ್ನ ತಟ್ಟೆ ಎತ್ತಿಕೊಂಡು ಹೋಗಿ ತೊಳೆದು ಡಬ್ಬು ಹಾಕಿದಳು.

ಜಗಳ ಶುರು ಮಾಡಿದವನು ರುದ್ರಮುನಿ. "ಕೈಯಾಗ ಬಂದಿತ್ತಲ್ಲಪ್ಪಾ! ನನ್ನ ಎರಡು ವರ್ಷದ ಕಾಯಿ!"

"ಅವ ಸುಳ್ಳು ಹೇಳಾಕತ್ತಾನ. ರೇಟ ಮುರಿಯಾಕ—"

"ಸಾಕ ಮಾಡ್ರಿ!" ಎಂದಳು ಮುತ್ತವ್ವ. ಗಂಡನ ಮುಂದೆ ಅವಳು ಅಷ್ಟು ಜೋರಾಗಿ ಎಂದೂ ಮಾತಾಡಿರಲಿಲ್ಲ. "ಸಂಕ್ರಮಣ ಬಂತು. ಕರಾರಿನ ಪ್ರಕಾರ ಆಕಿ ಇನ್ನ ಅಂಗಡ್ಯಾಗ ಕುಂದ್ರಬೇಕು. ನಿಮಗ ಅದ ಬೇಕಾಗಿತ್ತು, ಹೌದಿಲ್ಲೋ? ಅಂಗಡಿಗೆ ಯಾರೂ ಇಲ್ಲಂತ ಊರ ತುಂಬ ಅಳ್ತಿದ್ರಿ. ಅದಕ್ಕ ಬ್ಯಾಡ ಅಂದ್ರೇನು ಅವಂಗ?"

ಫಕ್ಕೀರಪ್ಪ ಹೆಂಡತಿಯ ಕಡೆ ತಿರುಗಿದ. "ನನ್ನ ಮಗಳ ಮಾಲು ಹಗ್ಗದಾಗ ಹೋಗಬಾರದಂತ ಬ್ಯಾಡಂದೆ," ಎಂದ. "ದೇವರಾಣಿ ಮುತ್ತೂ. ಇನ್ನೂ ಹೆಚ್ಚಿಗಿ ಬೆಲಿ ಐತಿ ಅದಕ್ಕಂತ ಬ್ಯಾಡಂದೆ." ಅಗ್ಗ ಅನ್ನುವುದು ಅವನ ಬಾಯಲ್ಲಿ ಯಾವಾಗಲೂ ಹಗ್ಗವೇ. ಬೇರೆ ದಿನವಾಗಿದ್ದರೆ ಮಕ್ಕಳು ಅಣಕಿಸುತ್ತಿದ್ದರು.

ಆತ ಹೇಳಿದ್ದು ನಿಜ. ಮುತ್ತವ್ವನಿಗೂ ಅದು ನಿಜವೆಂದು ಗೊತ್ತಿತ್ತು. ಆದರೂ ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅದು ಆ ಮನೆಯಲ್ಲೇ ಉಳಿಯಿತು.

ಎರಡು ದಿನ ಬಿಟ್ಟು ಫಕ್ಕೀರಪ್ಪ ದಪ್ಪನೆಯ ಡಬ್ಬಿ ಜಾತಿಯ ಹೊಸ ಕಾಯಿಯಲ್ಲಿ ಆರಿಸಿ ಆರಿಸಿ ಒಂದು ಚೀಲ ತುಂಬಿ, ಯಾರಿಗೂ ಸರಿಯಾಗಿ ಹೇಳದೆ ಬೆಂಗಳೂರಿನ ರೈಲು ಹತ್ತಿದ. ಮರುದಿನ ಸಂಜೆ ಬಂದ. ಶೈಲಶ್ರೀ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಅವಳ ಮುಂದೆ ಹಾಯ್ದು ಒಳಗೆ ಹೋಗಿ ಗೋಡೆಗೆ ಒರಗಿ ಕುಳಿತ. ಮುತ್ತವ್ವ ನೀರು ಕೊಟ್ಟಳು.

"ಸಿಕ್ಕಿದ್ನ?"

"ಊರಾಗಿಲ್ಲಂತ. ದೊಡ್ಡ ಆಫೀಸ್ ಐತಿ. ಗಾಜಿನ ಬಾಗಲಾ. ಒಳಗ ಬಿಡಲಿಲ್ಲ."

"ಕಾಯಿ?"

"ಗೇಟಿನ್ಯಾಗ ಒಬ್ಬಾವ ಕುಂತಿದ್ದ. ನಮ್ಮ ಹಾವೇರಿ ಕಡಿಯಾಂವ. ಅವಂಗ ಕೊಟ್ಟೆ. ಬಾಳ ಖುಷಿ ಆದ."

ಮುತ್ತವ್ವನಿಗೆ ಅಳು ಬಂತು, ನಗುವೂ ಬಂತು. ಅಂಗಳದಲ್ಲಿ ಬಟ್ಟೆ ಝಾಡಿಸುವ ಸಪ್ಪಳ ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಯಿತು.

ಉಳಿದದ್ದು ಚಿತ್ರಮಂದಿರದ ದಾರಿ ಒಂದೇ. ರಾಣೆಬೆನ್ನೂರಿನಲ್ಲಿ ಹಳೆಯದೊಂದು ಚಿತ್ರಮಂದಿರದವರು ಸಂಕ್ರಮಣದ ವಾರ ಬೆಳಗಿನ ಆಟ ಕೊಡಲು ಒಪ್ಪಿದರು, ಬಾಡಿಗೆ ಮುಂಗಡ. ಮುತ್ತವ್ವ ತನ್ನ ಕೈಬಳೆ ಬಿಚ್ಚಿ ಮಗನ ಮುಂದಿಟ್ಟು, "ಬ್ಯಾಂಕಿನ್ಯಾಗ ಇಟ್ಟು ಬಾ," ಎಂದಳು. ರುದ್ರಮುನಿ ಮುಖ ಗಂಟು ಹಾಕಿಕೊಂಡೇ ಹೋದ. ಆದರೆ ಪೋಸ್ಟರು ಬಂದಾಗ ಅವನೇ ಬೀಜದ ಅಂಗಡಿಗಳ ಗೋಡೆಗಳಿಗೆ, ಬಸ್ ನಿಲ್ದಾಣದ ಕಂಬಗಳಿಗೆ ಅಂಟಿಸಿ, ಅಂಟು ಮೆತ್ತಿದ ಕೈಯಲ್ಲಿ ಮನೆಗೆ ಬಂದ.

"ನನ್ನ ರೊಕ್ಕ ಬರಲಿ ಅಂತ ಹಚ್ಚೇನಿ. ನಿನ್ನ ಸಲುವಾಗಿ ಅಲ್ಲ," ಎಂದ ತಂಗಿಗೆ.

"ಗೊತ್ತೈತಿ ಅಣ್ಣ. ಕೈ ತೊಳಕೋ, ಬಿಸಿನೀರು ಇಟ್ಟೇನಿ."

ಸಂಕ್ರಮಣವೆಂದರೆ ಹೊಸ ಕಾಯಿ ಪೇಟೆಗೆ ನುಗ್ಗುವ ಕಾಲ. ಯಾರ ಸಿನಿಮಾವೋ ಆ ಹೆಂಗಸರಿಗೇ ಬಿಡುವಿಲ್ಲದ ಕಾಲ. ಅದು ಗೊತ್ತಿದ್ದರೂ ಕರಾರಿನ ದಿನ ಮೀರುವಂತಿರಲಿಲ್ಲ. ಮೆಹಬೂಬಿ ಮಾತ್ರ ಗೋದಾಮಿನಿಂದ ಗೋದಾಮಿಗೆ ತಿರುಗಿ, "ಒಂದ ದಿನದ ಕೂಲಿ ಹೋದ್ರ ಸಾಯಂಗಿಲ್ಲ, ಬರ್ರೇ," ಎಂದು ಎರಡು ಟೆಂಪೊ ತುಂಬ ಜನ ಕಟ್ಟಿಕೊಂಡು ಮೊದಲ ದಿನ ಬಂದಳು. ಹೊಸ ಸೀರೆ, ತಲೆಗೆ ಹೂವು, ಬುತ್ತಿಯ ಗಂಟು. ಪರದೆಯ ಮೇಲೆ ತಮ್ಮನ್ನು ತಾವು ಕಂಡು ಕೂಗಿದರು, ಒಬ್ಬರ ಬೆನ್ನಿಗೊಬ್ಬರು ಗುದ್ದಿದರು. ಮಜ್ಜಿಗೆಯ ಬೋಗುಣಿ ಬಂದಾಗ ಇಡೀ ಚಿತ್ರಮಂದಿರ ತಣ್ಣಗಾಯಿತು. ರೊಟ್ಟಿ ಇಲಾಖೆ ಎಂಬ ಹೆಸರು ಬಂದಾಗ ದ್ರಾಕ್ಷಾಯಿಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹೊರಗೆ ಬಂದ ಮೇಲೆ ಮೆಹಬೂಬಿ ಶೈಲಶ್ರೀಯ ಗಲ್ಲ ಹಿಡಿದು, "ಶೈಲವ್ವಾ, ಇದನ್ನ ಎಲ್ಲಾ ಊರಿಗೂ ತೋರಸವಾ. ನಮ್ಮಕ್ಕ ಶಾಹೀನ್ ಗದಗಿನ್ಯಾಗ ಅದಾಳ, ಆಕೀನೂ ನೋಡಲಿ," ಎಂದಳು.

"ತೋರಸ್ತೇನಿ," ಎಂದಳು ಶೈಲಶ್ರೀ. ಅಪ್ಪ ಆ ಕಡೆ ಮುಖ ತಿರುಗಿಸಿದ್ದನ್ನು ಅವಳು ಕಂಡಳು.

ಎರಡನೇ ದಿನ ಹತ್ತು ಹನ್ನೆರಡು ಜನ. ಮೂರನೇ ದಿನ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಬಂದು ಕುಳಿತ ಇಬ್ಬರು, ಅರ್ಧಕ್ಕೇ ಎದ್ದು ಹೋದರು. ನಾಲ್ಕನೇ ದಿನ ವ್ಯವಸ್ಥಾಪಕ ಬಂದು, "ಆಟ ನಿಲ್ಲಸಿ ಕರೆಂಟಿನ ಖರ್ಚರೆ ಉಳಸ್ರಿ, ಉಳಿದ ಬಾಡಿಗಿ ವಾಪಸ್ ಕೊಡ್ತೇನಿ," ಎಂದ. ಒಳ್ಳೆಯ ಮನುಷ್ಯ. ಹಾವೇರಿಯಲ್ಲಿ ಕೇಳಿದಾಗ, ಯಾವ ಆ್ಯಪ್‌ನಲ್ಲಿ ಬಂದಿದೆ ಎಂದು ಕೇಳಿದರು. ಯಾವುದರಲ್ಲೂ ಇಲ್ಲ ಎಂದ ಮೇಲೆ ನೋಡೋಣ ಎಂದರು. ಸಿನಿಮಾ ಇದ್ದ ಕಪ್ಪು ಹಾರ್ಡ್ ಡಿಸ್ಕನ್ನು ಶೈಲಶ್ರೀ ಮೆತ್ತನೆಯ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು.

ಅವಳು ಅಂಗಡಿಗೆ ಹೊರಟ ದಿನ, ಹೋಗು ಎಂದು ಯಾರೂ ಹೇಳಿರಲಿಲ್ಲ. ರುದ್ರಮುನಿ ಬಾಗಿಲಲ್ಲಿ ನಿಂತು, "ಇರ್ಲಿ ಬಿಡವಾ, ನಾ ಸಿಟ್ಟಿನ್ಯಾಗ ಅಂದಿದ್ದೆ," ಎಂದ. "ಹುಬ್ಬಳ್ಳಿಗೆ ಹೋಗಿ ನಿನ್ನ ಕೆಲಸ ಮಾಡ್ಕೋ."

"ಮಾತು ಮಾತ ಅಣ್ಣ," ಎಂದು ಅವಳು ಚಪ್ಪಲಿ ಮೆಟ್ಟಿದಳು.

ಅಂಗಡಿಯಲ್ಲಿ ಈಗ ಟೆಂಡರೆಲ್ಲ ಕಂಪ್ಯೂಟರಿನಲ್ಲಿ. ಫಕ್ಕೀರಪ್ಪನಿಗೆ ಅದು ಒಗ್ಗಿರಲಿಲ್ಲ, ಅವಳಿಗೆ ವಾರದಲ್ಲಿ ಒಗ್ಗಿತು. ರೈತರ ಹೆಸರು ಹಿಡಿದು ಕರೆಯುತ್ತಿದ್ದಳು, ಹಮಾಲರಿಗೆ ಹೊತ್ತಿಗೆ ಸರಿಯಾಗಿ ಚಹಾ ಹೇಳುತ್ತಿದ್ದಳು. ಕಾಯಿಯನ್ನು ಮುರಿದು, ಬಣ್ಣ ನೋಡಿ, ಬೀಜ ಕುಲುಕಿಸಿ ಕೇಳುವುದನ್ನು ಅಪ್ಪನಿಂದ ಕಲಿತಳು. ಅವಳ ಕೆಲಸದಲ್ಲಿ ಒಂದು ಕೊರತೆ ಹುಡುಕಲು ಫಕ್ಕೀರಪ್ಪ ಪ್ರಯತ್ನಪಟ್ಟ, ಸಿಗಲಿಲ್ಲ. ಸಿಕ್ಕಿದ್ದರೆ ಮನೆಗೆ ಹೋಗು ಎನ್ನಬಹುದಿತ್ತು. ಮಧ್ಯಾಹ್ನ ದ್ರಾಕ್ಷಾಯಿಣಿ ಕಳಿಸಿದ ಬುತ್ತಿಯನ್ನು ಇಬ್ಬರೂ ಚೀಲಗಳ ನಡುವೆ ಕುಳಿತು ಉಣ್ಣುತ್ತಿದ್ದರು. ಮಾತು ದರದ್ದು, ತೂಕದ್ದು, ಲಾರಿಯದ್ದು. ಸಿನಿಮಾದ ಮಾತು ಅವಳೂ ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ.

ಒಂದು ಸೋಮವಾರ ಡಾಕಪ್ಪ ಎಂಬ ರೈತ ಕಡ್ಡಿ ಕಾಯಿ ತಂದ. ಕೆಂಪಗೆ, ಸುರುಟು ಸುರುಟಾಗಿ, ನೋಡಿದರೆ ಕಣ್ಣು ತುಂಬುವ ಕಾಯಿ. ಆದರೆ ಮಧ್ಯಾಹ್ನ ದರ ಬಂದಾಗ ಅವನ ಮುಖ ಸಣ್ಣದಾಯಿತು.

"ಸಾವ್ಕಾರ್ರ, ಏನ್ ಮಾಡ್ಲಿ? ಕೊಡ್ಲೋ, ಇಡ್ಲೋ?"

ನಲವತ್ತು ವರ್ಷ ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿದ್ದ ಫಕ್ಕೀರಪ್ಪ ನೆಲ ನೋಡಿದ. "ಕೊಟ್ಟುಬಿಡು ಡಾಕಪ್ಪ," ಎಂದ. "ಕೈಗೆ ಬಂದದ್ದು ಬಿಡಬಾರದು."

ಪಕ್ಕದ ಅಂಗಡಿಯ ಮಹಮ್ಮದಗೌಸ ಕೂಡ ತಿರುಗಿ ನೋಡಿದ. ಅಷ್ಟರಲ್ಲಿ ಕಂಪ್ಯೂಟರಿನ ಮುಂದಿದ್ದ ಶೈಲಶ್ರೀ ಎದ್ದು ಬಂದು ಒಂದು ಕಾಯಿ ಎತ್ತಿ ಮುರಿದಳು.

"ಯಾಕ್ ಕೊಡ್ತೀರಿ ಕಾಕಾ?" ಎಂದಳು. "ಇಂಥಾ ಮಾಲು ಮೊದಲನೇ ಟೆಂಡರಿಗೆ ಬಿಡಬಾರದು. ಇಡ್ರಿ. ಗುರುವಾರ ತಾವ ಬರ್ತಾರ."

ಫಕ್ಕೀರಪ್ಪ ಮಗಳ ಮುಖ ನೋಡಿದ. ಚುಚ್ಚಲು ಅಂದದ್ದೇ ಎಂದು ಹುಡುಕಿದ. ಅಲ್ಲಿ ಅಂಥದ್ದೇನೂ ಇರಲಿಲ್ಲ. ಅವಳು ತನಗೆ ತಿಳಿದದ್ದನ್ನು ಹೇಳಿದ್ದಳು ಅಷ್ಟೆ, ಅವನೇ ಕಲಿಸಿದ್ದನ್ನು.

ಗುರುವಾರ ಖರೀದಿದಾರರು ಬಂದರು. ದರ ಏರಿತು, ಚೆನ್ನಾಗಿಯೇ ಏರಿತು. ಡಾಕಪ್ಪ ಪೇಢೆಯ ಪೊಟ್ಟಣ ತಂದು ಶೈಲಶ್ರೀಯ ಕೈಗಿಟ್ಟು, ಫಕ್ಕೀರಪ್ಪನ ಕಡೆ ತಿರುಗಿದ. "ಬಂಗಾರದಂಥಾ ಮಗಳ್ರೀ ಸಾವ್ಕಾರ್ರ. ಅಂಗಡಿಗೆ ಯಾರೂ ಇಲ್ಲ ಅಂತಿದ್ರಿ, ಉಳೀತು ನೋಡ್ರಿ ನಿಮ್ಮ ಅಂಗಡಿ!"

ಈ ಮಾತನ್ನು ಯಾರಾದರೂ ಅಂದಾರೆಂದು ಫಕ್ಕೀರಪ್ಪ ಎಷ್ಟೋ ವರ್ಷ ಕಾದಿದ್ದ. ಈಗ ಕೇಳಿ, ಹೌದು ಹೌದು ಎಂದು ತಲೆಯಾಡಿಸಿ, ಡಾಕಪ್ಪ ಹೋಗುವ ತನಕ ನಿಂತಿದ್ದು, ಆಮೇಲೆ ಖಾಲಿ ಚೀಲಗಳ ಮೇಲೆ ಕುಸಿದು ಕುಳಿತ.

"ಶೈಲೂ," ಎಂದ.

"ಏನಪ್ಪಾ?"

"ಆವತ್ತ ನಾ ಹೂಂ ಅನ್ನಬೇಕಾಗಿತ್ತವಾ."

ಶೈಲಶ್ರೀ ಪೇಢೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಅದರ ದಾರವನ್ನು ಬಿಚ್ಚಲು ಹೋಗಿ ಬಿಚ್ಚದೆ ಬಿಟ್ಟಳು.

"ನಾನರೆ ಅನ್ನಬಹುದಾಗಿತ್ತಲ್ಲಪ್ಪಾ," ಎಂದಳು. "ಅವ ನನ್ನ ಕೇಳಿದ್ದ. ತಂಬಗಿ ಹಿಡಕೊಂಡು ಅಲ್ಲೇ ಬಾಗಲದಾಗ ನಿಂತಿದ್ದೆ."

ಹೊರಗೆ ಹಮಾಲರು ಡಾಕಪ್ಪನ ಚೀಲಗಳನ್ನು ಲಾರಿಗೆ ಏರಿಸುತ್ತಿದ್ದರು. ಕಟ್ಟೆಯ ಮೇಲೆ ಇನ್ನೊಬ್ಬ ರೈತ ಬಂದು ಕಾಯುತ್ತಿದ್ದ. ಶೈಲಶ್ರೀ ಕಣ್ಣೊರೆಸಿಕೊಂಡು, ಪೇಢೆಯೊಂದನ್ನು ತೆಗೆದು ಅಪ್ಪನ ಕೈಯಲ್ಲಿಟ್ಟು, ಅಪ್ಪನದೇ ದನಿಯಲ್ಲಿ ಹೊರಗೆ ಕೂಗಿದಳು.

"ಬರ್ರಿ ಕಾಕಾ, ಒಳಗ ಬರ್ರಿ. ನಿಮ್ಮದು ಕಡ್ಡಿಯೋ, ಡಬ್ಬಿಯೋ?"